ಅಪ್ಪನ ಸಮಾಧಿಗೆ ಸುಣ್ಣ ಹಚ್ಚಿದ ಈಸ್ಟರ್

2025ರ ಮಾರ್ಚ್ ತಿಂಗಳಲ್ಲಿ, ಬೂದಿ ಬುಧವಾರ ಕಳೆದು ಒಂದು ವಾರವಾಗಿತ್ತು, ನಮ್ಮ ಸಭಾಪಾಲಕರು ಫೋನ್ ಮಾಡಿ, ಶುಭ ಶುಕ್ರವಾರದ ಆರಾಧನೆಯಲ್ಲಿ ಮೂರನೆಯ ಮಾತಿನ ಮೇಲೆ ನಾನು ಮಾತನಾಡಬೇಕೆಂದು ಕೇಳಿದರು. ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಸಭೆಗಳಲ್ಲಿ ಬೆಳೆದವರಿಗೆ ಈ ಕ್ರಮ ಪರಿಚಿತವಾದುದು. ಅಂದು ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ, ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಒಬ್ಬರಾದ ಮೇಲೊಬ್ಬರಂತೆ ಏಳು ಮಂದಿ ವಿವರಿಸುತ್ತಾರೆ. ನಡುನಡುವೆ ಕೀರ್ತನೆ, ಪ್ರಾರ್ಥನೆ, ಮೌನ ಇರುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಹತ್ತು ನಿಮಿಷ ಮಾತನಾಡುವುದು ಕಷ್ಟವೆನಿಸಲಿಲ್ಲ, ಆಗಲಿ ಎಂದೆ. ಫೋನ್ ಕೆಳಗಿಟ್ಟ ಮೇಲೆ ಮೂರನೆಯ ಮಾತು ಯಾವುದೆಂಬುದು ನೆನಪಾಯಿತು. ಶಿಲುಬೆಯ ಬಳಿ ನಿಂತ ತಾಯಿಗೆ ತನ್ನ ಪ್ರಿಯ ಶಿಷ್ಯನನ್ನು ತೋರಿಸಿ ಇವನೇ ನಿನ್ನ ಮಗನೆಂದೂ, ಶಿಷ್ಯನಿಗೆ ಇವಳೇ ನಿನ್ನ ತಾಯಿಯೆಂದೂ ಯೇಸು ಒಪ್ಪಿಸಿದ ಮಾತು ಅದು. ಏಳರಲ್ಲಿ ಕುಟುಂಬಕ್ಕೆ ಸಂಬಂಧಿಸಿದ ಒಂದೇ ಮಾತು ನನ್ನ ಪಾಲಿಗೆ ಬಂದಿತ್ತು. ನಾನು ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟು ಆಗ ಏಳು ವರ್ಷವಾಗಿತ್ತು.

ಜಗಳ ಮನೆಯದು. ಧಾರವಾಡದಲ್ಲಿರುವ ನಮ್ಮ ಹಳೆಯ ಮನೆ ಅವ್ವನ ಹೆಸರಿನಲ್ಲಿತ್ತು. ಅವಳು 2011ರಲ್ಲಿ ಮರಣಪತ್ರ ಬರೆಯದೆಯೇ ತೀರಿಹೋದಳು. ನಮ್ಮಂಥವರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಕ್ಕಳ ಪಾಲಿಗೆ ಬರುವ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಅಪ್ಪನನ್ನು ನೋಡಿಕೊಂಡು ಅದೇ ಮನೆಯಲ್ಲಿದ್ದ ತಮ್ಮ, ಮನೆಯನ್ನು ರಿಪೇರಿ ಮಾಡಿಸಲು ಸಾಲ ತೆಗೆಯಬೇಕೆಂದು 2018ರಲ್ಲಿ ನನ್ನಿಂದ ಹಕ್ಕು ಬಿಡುಗಡೆ ಪತ್ರ ಕೇಳಿದ. ನಾನು ಒಪ್ಪಲಿಲ್ಲ. ಒಪ್ಪದಿದ್ದುದು ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಆದರೆ ಆ ದಿನ ಫೋನಿನಲ್ಲಿ ಮಾತಿಗೆ ಮಾತು ಬೆಳೆದು, ಅವನು ಅಪ್ಪನನ್ನು ನೋಡಿಕೊಳ್ಳುತ್ತಿರುವುದೇ ಮನೆಯ ಆಸೆಗೆ ಎಂದುಬಿಟ್ಟೆ. ರಾತ್ರಿ ಎರಡೆರಡು ಸಲ ಎದ್ದು ಅಪ್ಪನನ್ನು ಬಚ್ಚಲಿಗೆ ಕರೆದೊಯ್ಯುತ್ತಿದ್ದವನಿಗೆ ನಾನು ಆಡಿದ ಮಾತು ಅದು. ಅಂದಿನಿಂದ ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ಅಪ್ಪನನ್ನು ಕಂಡುಬರುತ್ತಿದ್ದೆ. 2024ರ ನವೆಂಬರಿನಲ್ಲಿ ಅಪ್ಪ ತೀರಿಕೊಂಡಾಗ ಸಮಾಧಿಯ ಎರಡು ಬದಿಯಲ್ಲಿ ನಿಂತು ನಾವಿಬ್ಬರೂ ಮಣ್ಣು ಹಾಕಿದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೀಗಿರುವಾಗ ಮೂರನೆಯ ಮಾತಿನ ಮೇಲೆ ಏನು ಬರೆಯಲಿ? ಅಪ್ಪನ ಬೈಬಲ್ ನನ್ನ ಬಳಿ ಇತ್ತು; ಅವರು ತೀರಿಕೊಂಡ ಮೇಲೆ ತಮ್ಮ ಅದನ್ನು ನನ್ನ ಮಗನ ಕೈಯಲ್ಲಿ ಕಳುಹಿಸಿದ್ದ. ಅದನ್ನಿಟ್ಟುಕೊಂಡು ದಿನವೂ ಬೆಳಿಗ್ಗೆ ಒಂದು ತಾಸು ಕೂರುತ್ತಿದ್ದೆ. ಎರಡು ವಾರದಲ್ಲಿ ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದುಹಾಕಿದೆ. ಬರೆದುದೆಲ್ಲ ನಾಲ್ಕು ಜನರ ಮುಂದೆ ಓದಿದರೆ ಚೆನ್ನಾಗಿಯೇ ಕೇಳುವಂಥದ್ದು, ಆದರೆ ಅದರಲ್ಲಿ ಒಂದು ವಾಕ್ಯವೂ ನನ್ನದಾಗಿರಲಿಲ್ಲ. ಅದೇ ಹೊತ್ತಿಗೆ ಒಂದು ಪ್ರಶ್ನೆ ಹುಟ್ಟಿತು, ಅದು ಬಿಡಲಿಲ್ಲ. ಯೇಸುವಿಗೆ ತಮ್ಮಂದಿರಿದ್ದರಲ್ಲ, ತಾಯಿಯನ್ನು ಅವರಿಗೆ ಒಪ್ಪಿಸದೆ ಶಿಷ್ಯನಿಗೇಕೆ ಒಪ್ಪಿಸಿದ?

ಉತ್ತರ ಹುಡುಕುತ್ತ ಸುವಾರ್ತೆಗಳನ್ನು ಮೊದಲಿನಿಂದ ಓದಿದೆ. ತಮ್ಮಂದಿರು ಅಲ್ಲಿ ಇರಲಿಲ್ಲ. ಶಿಲುಬೆಯ ಬಳಿ ನಿಂತವರಲ್ಲಿ ಅವರ ಹೆಸರಿಲ್ಲ. ಅವನಿಗೆ ಬುದ್ಧಿ ಕೆಟ್ಟಿದೆಯೆಂದು ಹಿಡಿದು ತರಲು ಮನೆಯವರು ಹೊರಟ ಸಂಗತಿಯನ್ನು ಮಾರ್ಕನು ಮೂರನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ತಮ್ಮಂದಿರೇ ಅವನನ್ನು ನಂಬಲಿಲ್ಲವೆಂದು ಯೋಹಾನನು ಏಳನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅಂದರೆ ಅವನ ಮನೆಯಲ್ಲಿಯೂ ಮುರಿದ ಸಂಬಂಧವಿತ್ತು, ಅದು ಮುರಿದಿರುವಾಗಲೇ ಅವನು ಸತ್ತ. ಚಿಕ್ಕಂದಿನಿಂದ ಇದನ್ನೆಲ್ಲ ಓದಿದ್ದೆ. ಆದರೆ ಒಂದು ಮನೆಯ ಕಥೆಯಾಗಿ ಓದಿರಲಿಲ್ಲ. ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯಕ್ಕೆ ಬಂದಾಗ ನಿಂತುಬಿಟ್ಟೆ. ಯೆರೂಸಲೇಮಿನ ಮೇಲಂತಸ್ತಿನ ಕೋಣೆಯಲ್ಲಿ ಪ್ರಾರ್ಥನೆಗೆ ಕೂಡಿದವರ ಪಟ್ಟಿಯಲ್ಲಿ ತಾಯಿ ಮರಿಯಳಿದ್ದಾಳೆ, ಅವಳೊಡನೆ ಅವನ ತಮ್ಮಂದಿರೂ ಇದ್ದಾರೆ. ಶುಕ್ರವಾರ ಇಲ್ಲದವರು ಕೆಲವೇ ವಾರಗಳಲ್ಲಿ ಅಲ್ಲಿಗೆ ಹೇಗೆ ಬಂದರು?

ನಡುವೆ ಆದದ್ದು ಪುನರುತ್ಥಾನ. ಅದರ ಒಂದು ಸಣ್ಣ ಸುಳಿವನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ ಬಿಟ್ಟಿದ್ದಾನೆ. ಎದ್ದ ಕ್ರಿಸ್ತನು ಕೇಫನಿಗೆ, ಅಂದರೆ ಪೇತ್ರನಿಗೆ, ಹನ್ನೆರಡು ಮಂದಿಗೆ, ಐನೂರಕ್ಕಿಂತ ಹೆಚ್ಚು ಸಹೋದರರಿಗೆ ಕಾಣಿಸಿಕೊಂಡನೆಂದು ಹೇಳಿ, ಆಮೇಲೆ ಯಾಕೋಬನಿಗೆ ಕಾಣಿಸಿಕೊಂಡನು ಎನ್ನುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಕರ್ತನ ತಮ್ಮನೆಂದು ಅದೇ ಪೌಲನು ಹೆಸರಿಸುವ ಯಾಕೋಬನೇ ಇವನೆಂದು ನಮ್ಮ ಹಿರಿಯರು ಓದಿಕೊಂಡು ಬಂದಿದ್ದಾರೆ. ಆ ಭೇಟಿಯಲ್ಲಿ ಅಣ್ಣತಮ್ಮಂದಿರು ಏನು ಮಾತಾಡಿದರೆಂದು ಹೊಸ ಒಡಂಬಡಿಕೆಯ ಯಾವ ಪುಸ್ತಕವೂ ಹೇಳುವುದಿಲ್ಲ. ಯಾರು ಮೊದಲು ಬಾಯಿ ತೆರೆದರೋ, ಹಳೆಯ ಮಾತು ಎತ್ತಿದರೋ ಇಲ್ಲವೋ, ಒಂದು ಅಕ್ಷರವೂ ಇಲ್ಲ. ಎದ್ದವನು ತಮ್ಮನ ಬಳಿಗೆ ಹೋದ, ಇಷ್ಟೇ ಇದೆ. ನಾನು ಅಲ್ಲಿಯವರೆಗೆ ಪುನರುತ್ಥಾನವೆಂದರೆ ಸಾವಿನಾಚೆಯ ಭರವಸೆಯೆಂದು, ಸಮಾಧಿಯ ಬಳಿ ಹೇಳಿಕೊಳ್ಳುವ ಸಮಾಧಾನವೆಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಎದ್ದು ಬಂದವನು ಹೋದ ಜಾಗಗಳನ್ನು ನೋಡಿದರೆ, ಅಳುತ್ತಿದ್ದವಳ ಬಳಿಗೆ, ತನ್ನನ್ನು ಅರಿಯೆನೆಂದವನ ಬಳಿಗೆ, ನಂಬದ ತಮ್ಮನ ಬಳಿಗೆ ಅವನು ಹೋಗಿದ್ದಾನೆ. ಸಾಯಿಸಿದವರ ಎದುರು ನಿಂತು ಗೆದ್ದೆನೆಂದು ತೋರಿಸಿಕೊಳ್ಳಲು ಹೋಗಲಿಲ್ಲ.

ಇಷ್ಟು ತಿಳಿದ ಮೇಲೂ ನಾನು ಫೋನ್ ಮಾಡಲಿಲ್ಲ. ಹಕ್ಕು ಬಿಡುಗಡೆ ಪತ್ರದ ವಿಷಯ ಮೊದಲು ಬಗೆಹರಿಯಲಿ, ಆಮೇಲೆ ಮಾತಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ಮಾತಿನ ಬರವಣಿಗೆ ಮುಗಿಯಿತು, ಚೆನ್ನಾಗಿಯೇ ಬಂತು.

ಪವಿತ್ರ ಗುರುವಾರ, ಏಪ್ರಿಲ್ 17ರ ಸಂಜೆ, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕಾಗಿ ಸಾಲು ಸಾಲಾಗಿ ಜನ ಎದ್ದು ಹೋದರು. ನಮ್ಮ ಸಾಲಿನ ಸರದಿ ಬಂದಾಗ ನಾನು ಏಳಲಿಲ್ಲ. ಮೊದಲೇ ನಿಶ್ಚಯಿಸಿದ್ದಲ್ಲ, ಕಾಲು ಬರಲಿಲ್ಲ. ನಾವು ಚಿಕ್ಕವರಿದ್ದಾಗ ಭೋಜನದ ಹಿಂದಿನ ದಿನಗಳಲ್ಲಿ ಸಭೆಯ ಹಿರಿಯರು ಮನೆಗೆ ಬಂದು, ಯಾರೊಡನೆಯಾದರೂ ವೈಮನಸ್ಸಿದ್ದರೆ ಸರಿಮಾಡಿಕೊಂಡು ಬನ್ನಿರೆಂದು ಹೇಳಿಹೋಗುತ್ತಿದ್ದರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಒಂದಾಗು ಎಂಬ ಯೇಸುವಿನ ಮಾತನ್ನು ಅವರು ಅಕ್ಷರಶಃ ತೆಗೆದುಕೊಂಡವರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಿಸ್ತಿನಲ್ಲಿ ಬೆಳೆದ ಮನೆಗಳ ರೂಢಿ ಅದು. ಈಗ ಹಾಗೆ ಕೇಳುವವರಿಲ್ಲ, ಕೇಳಿದರೆ ನಾವು ಸಹಿಸುವುದೂ ಇಲ್ಲ. ಅಂದು ಯಾರೂ ಕೇಳಲಿಲ್ಲ. ಆದರೆ ಏಳು ವರ್ಷ ಅದೇ ರೊಟ್ಟಿಯನ್ನು ತೆಗೆದುಕೊಂಡು ಬಂದ ಕೈಯನ್ನು ನೋಡುತ್ತ ಕುಳಿತೆ.

ಮನೆಗೆ ಬಂದಾಗ ರಾತ್ರಿ ಒಂಬತ್ತು ಕಳೆದಿತ್ತು. ಸುಗಂಧದ್ರವ್ಯ ಹಿಡಿದುಕೊಂಡು ಬೆಳಗಿನ ಜಾವ ಯೇಸುವಿನ ಸಮಾಧಿಗೆ ಹೊರಟ ಹೆಂಗಸರು, ಅದರ ಬಾಗಿಲಿನ ಕಲ್ಲನ್ನು ನಮಗಾಗಿ ಉರುಳಿಸುವವರು ಯಾರೆಂದು ದಾರಿಯುದ್ದಕ್ಕೂ ಮಾತಾಡಿಕೊಂಡರೆಂದು ಮಾರ್ಕನು ಬರೆದಿದ್ದಾನೆ. ಉತ್ತರ ಗೊತ್ತಿಲ್ಲದೆಯೇ ಅವರು ಹೊರಟಿದ್ದರು. ಉತ್ತರ ಸಿಕ್ಕಿದ ಮೇಲೆ ಹೊರಡೋಣವೆಂದು ಕೂತಿದ್ದರೆ ಬರಿದಾದ ಸಮಾಧಿಯನ್ನು ಮೊದಲು ನೋಡಿದವರು ಬೇರೆ ಯಾರೋ ಆಗಿರುತ್ತಿದ್ದರು. ಫೋನ್ ತೆಗೆದುಕೊಂಡೆ. ತಮ್ಮನೇ ಎತ್ತಿದ. ಏನು ಹೇಳಬೇಕೆಂದು ತೋಚದೆ, ಅಪ್ಪನ ಸಮಾಧಿಗೆ ಈಸ್ಟರಿನೊಳಗೆ ಸುಣ್ಣ ಹಚ್ಚಬೇಕಲ್ಲ ಎಂದೆ. ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ.

“ಶನಿವಾರ ಮಧ್ಯಾಹ್ನ ಬಾ ಅಕ್ಕಾ,” ಎಂದ. “ಸುಣ್ಣ ನೆನಿ ಹಾಕಿರತೇನಿ.”

ಶುಕ್ರವಾರ ನನ್ನ ಹತ್ತು ನಿಮಿಷಗಳನ್ನು ಮಾತಾಡಿದೆ. ಬರೆದುಕೊಂಡಿದ್ದರಲ್ಲಿ ಅರ್ಧವನ್ನು ಬಿಟ್ಟೆ. ಯಾಕೋಬನ ಭಾಗ ಮಾತ್ರ ಹೇಳಿದೆ.

ಪವಿತ್ರ ಶನಿವಾರ ನಮ್ಮ ಸಭೆಗಳಲ್ಲಿ ಬಹುಮಟ್ಟಿಗೆ ಖಾಲಿ ದಿನ. ಆರಾಧನೆಯ ಗದ್ದಲವಿಲ್ಲ, ಹಬ್ಬವಿನ್ನೂ ಬಂದಿಲ್ಲ. ಆದರೆ ಸ್ಮಶಾನದಲ್ಲಿ ಮಾತ್ರ ಜನರಿರುತ್ತಾರೆ, ಏಕೆಂದರೆ ಮರುದಿನ ಬೆಳಗಿನ ಆರಾಧನೆ ಅಲ್ಲಿಯೇ ನಡೆಯುವುದು. ಕಸ ಕೀಳುವವರು, ಕಲ್ಲು ತೊಳೆಯುವವರು, ಹೆಸರಿನ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುವವರು ಇರುತ್ತಾರೆ. ಈ ಪದ್ಧತಿಯ ಮೂಲ ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನದೆಂದು ಅಪ್ಪ ಹೇಳುತ್ತಿದ್ದರು. 1732ರ ಈಸ್ಟರಿನಂದು ಅಲ್ಲಿಯ ಮೊರೇವಿಯನ್ ಸಭೆಯ ಯುವಕರು ಸೂರ್ಯೋದಯಕ್ಕೆ ಮುಂಚೆ ಸ್ಮಶಾನದ ಗುಡ್ಡ ಹತ್ತಿ ಹಾಡಿದರು. ಅದು ಆಮೇಲೆ ಪ್ರಪಂಚದ ಎಷ್ಟೋ ಸಭೆಗಳಿಗೆ ಹಬ್ಬಿತು. ಜರ್ಮನ್ ಭಾಷೆಯಲ್ಲಿ ಸ್ಮಶಾನಕ್ಕೆ ‘ದೇವರ ಹೊಲ’ ಎಂಬ ಅರ್ಥದ ಹೆಸರಿದೆಯೆಂಬುದನ್ನೂ ಅವರಿಂದಲೇ ಕೇಳಿದ್ದು. ಬಿತ್ತಿದ್ದು ಸಾಯದೆ ಜೀವ ತಳೆಯುವುದಿಲ್ಲವೆಂದು ಪೌಲನು ಬರೆದುದಕ್ಕೆ ಧಾರವಾಡದ ಎರೆಮಣ್ಣಿನ ಸೀಮೆಯಲ್ಲಿ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ.

ತಮ್ಮ ನನಗಿಂತ ಮೊದಲೇ ಬಂದಿದ್ದ. ಮಣ್ಣು ಕುಸಿದು ನಿಂತ ಮೇಲೆ ಫೆಬ್ರವರಿಯಲ್ಲಿ ಅವನೇ ಅಪ್ಪನ ಸಮಾಧಿಗೆ ಇಟ್ಟಿಗೆಯ ಕಟ್ಟೆ ಕಟ್ಟಿಸಿದ್ದ, ಪಕ್ಕದಲ್ಲಿ ಅವ್ವನದು. ಎರಡರ ತಲೆಯೂ ಪಶ್ಚಿಮಕ್ಕಿದೆ, ಕಾಲು ಪೂರ್ವಕ್ಕಿದೆ. ಎದ್ದು ಕೂತರೆ ಮುಖ ಸೂರ್ಯ ಹುಟ್ಟುವ ಕಡೆಗಿರಬೇಕೆಂದು ಕ್ರೈಸ್ತರು ಬಹು ಹಿಂದಿನಿಂದ ಹಾಗೆ ಹೂಳುತ್ತ ಬಂದಿದ್ದಾರೆ. ಗುರುವಾರ ರಾತ್ರಿಯೇ ಅವನು ಸುಣ್ಣದ ಹರಳನ್ನು ಡಬ್ಬಿಯಲ್ಲಿ ನೆನೆಹಾಕಿದ್ದನಂತೆ. ನೀರು ಬಿದ್ದ ಕೂಡಲೇ ಬುಸುಗುಟ್ಟಿ ಕುದಿಯುವ ಆ ಹರಳು ಎರಡು ದಿನದಲ್ಲಿ ಬೆಣ್ಣೆಯಂತಾಗಿ ತಣ್ಣಗೆ ತಳದಲ್ಲಿ ಕೂತಿತ್ತು. ಹಳೆಯ ಧೋತರದ ತುಂಡಿನಲ್ಲಿ ಅದನ್ನು ಸೋಸಿದೆವು. ಅವನು ಸುರಿದ, ನಾನು ಬಟ್ಟೆಯ ಎರಡು ಚುಂಗು ಹಿಡಿದುಕೊಂಡೆ. ಚಿಟಿಕೆ ನೀಲಿ ಹಾಕಿದ, ಸ್ವಲ್ಪ ಅಂಟಿನ ನೀರು ಬೆರೆಸಿದ, ಹಾಲಿನ ಹದಕ್ಕೆ ತಂದ. ಸುಣ್ಣ ಕೈ ಸುಡುತ್ತದೆಂದು ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು, ಮಾತಿಲ್ಲದೆ, ನನ್ನ ಎರಡು ಅಂಗೈಗೂ ಹನಿಸಿದ.

ಕಟ್ಟೆಗೆ ನೀರು ಚಿಮುಕಿಸಿ ಹಚ್ಚತೊಡಗಿದೆವು. ನಾನು ಎಷ್ಟು ಹಚ್ಚಿದರೂ ಇಟ್ಟಿಗೆಯ ಗಿಲಾವು ಬೂದುಬಣ್ಣಕ್ಕೇ ಕಾಣುತ್ತಿತ್ತು. ನೀರು ಹಚ್ಚಿದಂತೆ, ಏನೂ ಹಿಡಿಯುತ್ತಿಲ್ಲವೆನ್ನುವಂತೆ. ಕುಂಚ ಕೆಳಗಿಟ್ಟು, ಹೇಳಬೇಕೆಂದು ಬಂದದ್ದನ್ನು ಹೇಳಿದೆ. “ತಮ್ಮಾ, ಅವತ್ತ ಫೋನಿನ್ಯಾಗ ಅಂದ ಮಾತು ನಾ ಅನಬಾರದಿತ್ತು. ಅಪ್ಪನ್ನ ನೀ ಹೆಂಗ ನೋಡಿಕೊಂಡಿ ಅನ್ನೂದು ನನಗ ಗೊತ್ತಿತ್ತು. ಗೊತ್ತಿದ್ದೂ ಅಂದೆ.”

ಅವನು ಅವ್ವನ ಸಮಾಧಿಯ ಮಗ್ಗುಲಿಗೆ ಕೂತು ಹಚ್ಚುತ್ತಿದ್ದವನು ಕೈ ನಿಲ್ಲಿಸಲಿಲ್ಲ. ಆಗಿಹೋಯಿತೆನ್ನಲಿಲ್ಲ, ಕ್ಷಮಿಸಿದೆನೆನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ಮತ್ತೆ ಕುಂಚವೆತ್ತಿ ಹಚ್ಚಿದ್ದರ ಮೇಲೆಯೇ ಹಚ್ಚುವುದನ್ನು ಕಂಡು ಹೇಳಿದ: “ಹೊಳ್ಳಿ ಹಚ್ಚಬ್ಯಾಡ ಅಕ್ಕಾ. ಹಸಿ ಇದ್ದಾಗ ಕಾಣಂಗಿಲ್ಲ ಅದು. ಒಣಗಿದ ಮ್ಯಾಲ ಬೆಳ್ಳಗಾಗತೈತಿ.”

ಸಂಜೆ ನಾವು ಹೊರಟಾಗಲೂ ಅದು ಬೂದುಬಣ್ಣಕ್ಕೇ ಇತ್ತು.

ಏಪ್ರಿಲ್ 20ರಂದು ಮಗನ ಕಾರಿನಲ್ಲಿ ನಾಲ್ಕು ಗಂಟೆಗೆ ಹುಬ್ಬಳ್ಳಿ ಬಿಟ್ಟೆವು. ನಮ್ಮ ಹಬ್ಬದ ತಾರೀಖು ವರ್ಷವರ್ಷ ಏಕೆ ಬದಲಾಗುತ್ತದೆಂದು ನೆರೆಯವರು ಕೇಳಿದರೆ ಅಪ್ಪನಿಗೆ ಬಹಳ ಖುಷಿ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ, ಆ ಹುಣ್ಣಿಮೆಯ ನಂತರದ ಭಾನುವಾರ. ಕೆಲವು ವರ್ಷ ಹೋಳಿ ಹುಣ್ಣಿಮೆ ಲೆಕ್ಕಕ್ಕೆ ಬರುತ್ತದೆ, ಕೆಲವು ವರ್ಷ ದವನದ ಹುಣ್ಣಿಮೆ ಎಂದು ಬೆರಳು ಮಡಿಚಿ ಹೇಳುತ್ತಿದ್ದರು. ಆ ವರ್ಷ ದವನದ ಹುಣ್ಣಿಮೆ. ಪಶ್ಚಿಮದ ಸಭೆಗಳೂ ಪೂರ್ವದ ಆರ್ಥೊಡಾಕ್ಸ್ ಸಭೆಗಳೂ ಒಂದೇ ದಿನ ಈಸ್ಟರ್ ಆಚರಿಸಿದ ವರ್ಷವೂ ಅದೇ. ಅಪ್ಪ ಇದ್ದಿದ್ದರೆ ಇದನ್ನು ಓಣಿಗೆಲ್ಲ ಹೇಳಿಬರುತ್ತಿದ್ದರು. ಹುಣ್ಣಿಮೆಯಾಗಿ ಒಂದು ವಾರವಾಗಿದ್ದುದರಿಂದ ದಕ್ಷಿಣದ ಕಡೆ ಅರ್ಧಚಂದ್ರನಿದ್ದ. ಜನ ಮೇಣದಬತ್ತಿ ಹಿಡಿದುಕೊಂಡು ತಮ್ಮತಮ್ಮವರ ಸಮಾಧಿಗಳ ಬಳಿ ನಿಂತಿದ್ದರು. ಅಪ್ಪನ ಸಮಾಧಿ ಎಲ್ಲಿದೆಯೆಂದು ನಾನು ಹುಡುಕಬೇಕಾಗಲಿಲ್ಲ. ಕತ್ತಲಲ್ಲಿಯೂ ಎರಡು ಕಟ್ಟೆಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು.

ಐದೂವರೆಗೆ ಸಭಾಪಾಲಕರು ಕ್ರಿಸ್ತನು ಎದ್ದಿದ್ದಾನೆಂದು ಕೂಗಿ ಹೇಳಿದರು. ನಿಜವಾಗಿ ಎದ್ದಿದ್ದಾನೆಂದು ನಾವೆಲ್ಲ ಉತ್ತರ ಕೊಟ್ಟೆವು. ಎಷ್ಟೋ ವರ್ಷ ಹೇಳಿದ ಮಾತು. ನಮ್ಮ ಅಪ್ಪ ಈಸ್ಟರಿನ ದಿನ ನಸುಕಿನಲ್ಲಿ ದೀಪ ಹಾಕಿ, “ಏಳ್ರಿ, ಕರ್ತ ಎದ್ದಾನ!” ಎಂದು ನಮ್ಮ ಹೊದಿಕೆ ಎಳೆಯುತ್ತಿದ್ದರು. ಪುನರುತ್ಥಾನವೆಂಬ ದೊಡ್ಡ ಪದದ ಬದಲು ಸುವಾರ್ತೆಯೂ ಬಳಸುವುದು ಆ ದಿನಬಳಕೆಯ ಮಾತನ್ನೇ. ಗ್ರೀಕ್ ಮೂಲದಲ್ಲಿ ಕ್ರಿಸ್ತನು ಎದ್ದುದಕ್ಕೆ ಬರುವ ಕ್ರಿಯಾಪದವೇ, ಜ್ವರದಲ್ಲಿ ಮಲಗಿದ್ದ ಪೇತ್ರನ ಅತ್ತೆಯನ್ನು ಯೇಸು ಕೈಹಿಡಿದು ಎಬ್ಬಿಸಿದನೆಂಬಲ್ಲಿಯೂ ಬರುತ್ತದೆ. ಎದ್ದವಳು ಏನು ಮಾಡಿದಳು? ಬಂದವರಿಗೆ ಉಪಚಾರ ಮಾಡಿದಳು. ಏಳುವುದು ಮತ್ತು ಎದ್ದ ಮೇಲಿನ ಕೆಲಸ, ಇವೆರಡನ್ನು ಮಾರ್ಕನು ಒಂದೇ ವಾಕ್ಯದಲ್ಲಿ ಇಟ್ಟಿದ್ದಾನೆ.

ಆರಾಧನೆ ಮುಗಿದು ಬಿಸಿಲು ಬಂದ ಮೇಲೆ ತಮ್ಮ, “ಮನೀಗೆ ಹೋಗೂಣ ನಡಿ,” ಎಂದ. ಅಪ್ಪನ ಶವ ಒಯ್ದ ದಿನವನ್ನು ಬಿಟ್ಟರೆ ಏಳು ವರ್ಷಗಳಿಂದ ಅವನ ಎದುರಿಗೆ ನಾನು ಆ ಹೊಸ್ತಿಲು ದಾಟಿರಲಿಲ್ಲ. ಅವನ ಹೆಂಡತಿ ಚುರುಮುರಿ ಸೂಸಲ, ಬೇಯಿಸಿದ ಮೊಟ್ಟೆ, ಚಹಾ ಮಾಡಿದ್ದಳು. ಎದ್ದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಇದ್ದಲಿನ ಮೇಲೆ ಮೀನು ಸುಟ್ಟು, ಬಂದು ಊಟಮಾಡಿರೆಂದು ಶಿಷ್ಯರನ್ನು ಕರೆದ ಬೆಳಗಿನ ಕಥೆ ನೆನಪಾಯಿತು. ನಮ್ಮ ಮಾತು ಹೆಚ್ಚಾಗಿ ಅಪ್ಪನ ಔಷಧಿ, ಮಾಳಿಗೆಯ ಸೋರಿಕೆ, ಮಕ್ಕಳ ಪರೀಕ್ಷೆ ಇವುಗಳ ಸುತ್ತಲೇ ಇತ್ತು. ಪತ್ರದ ಮಾತು ಯಾರೂ ಎತ್ತಲಿಲ್ಲ.

ಎತ್ತಿದ್ದು ಮೇ ತಿಂಗಳಲ್ಲಿ. ಅಂದು ಮತ್ತೆ ದನಿ ಏರಿತು. ನಾನು ಎದ್ದು ಹೊರಡುವುದರಲ್ಲಿದ್ದೆ. ಸಂಬಂಧ ಸರಿಹೋಯಿತೆಂದರೆ ಏಳು ವರ್ಷ ಇಲ್ಲವೆಂದಾಗುವುದಿಲ್ಲ, ಇದನ್ನು ನಾನು ಹೇಳಲೇಬೇಕು. ಎದ್ದ ದೇಹದಲ್ಲಿಯೂ ಮೊಳೆಯ ಗಾಯಗಳಿದ್ದವು. ಅವನ್ನು ಮುಚ್ಚಿಕೊಳ್ಳದೆ, ಬೆರಳಿಟ್ಟು ನೋಡೆಂದು ನಂಬದಿದ್ದ ಶಿಷ್ಯ ತೋಮನ ಮುಂದೆ ಯೇಸು ಕೈ ಚಾಚಿದನು. ನಾನು ಆಡಿದ ಮಾತು ನನ್ನ ತಮ್ಮನ ಮೈಮೇಲೆ ಇನ್ನೂ ಇದೆ. ಹೊರಡಲು ಎದ್ದವಳು ಅದನ್ನು ನೆನೆದು ಮತ್ತೆ ಕೂತೆ. ಆ ದಿನ ಏನೂ ತೀರ್ಮಾನವಾಗಲಿಲ್ಲ; ಮುಂದಿನ ಭಾನುವಾರವೂ ಹೋದೆ.

ಅಪ್ಪ ಬಹಳ ವರ್ಷ ಸಭೆಯ ಖಜಾಂಚಿಯಾಗಿದ್ದವರು. ಅವರ ಬೈಬಲಿನಲ್ಲಿ ಪುನರುತ್ಥಾನದ ಆ ದೀರ್ಘ ಅಧ್ಯಾಯದ ಕೊನೆಯ ವಚನಕ್ಕೂ ಮುಂದಿನ ಅಧ್ಯಾಯದ ಮೊದಲ ವಚನಕ್ಕೂ ಸೇರಿಸಿ ಕೆಂಪು ಶಾಯಿಯ ಗೆರೆಯಿದೆ. ಮರಣವೇ, ನಿನ್ನ ಜಯವೆಲ್ಲಿ ಎಂದು ಹಾಡಿದ ಪೌಲನು, ನಿಮ್ಮ ಪ್ರಯಾಸ ವ್ಯರ್ಥವಲ್ಲವೆಂದು ಹೇಳಿ ಅಧ್ಯಾಯ ಮುಗಿಸುತ್ತಾನೆ. ಅದರ ಮುಂದಿನ ಸಾಲಿನಲ್ಲಿಯೇ ಬಡವರಿಗಾಗಿ ಹಣ ಕೂಡಿಸುವ ಲೆಕ್ಕಕ್ಕೆ ಇಳಿಯುತ್ತಾನೆ. ಪುಟದಂಚಿನಲ್ಲಿ ಅಪ್ಪನ ಕೈಬರಹದಲ್ಲಿ “ಇದೂ ಅದೇ” ಎಂದಿದೆ. ಮೊದಲು ನನಗೆ ಅದು ಅರ್ಥವಾಗಿರಲಿಲ್ಲ. ತಮ್ಮನಿಗೆ ತೋರಿಸಿದಾಗ ಅವನು ಬಹಳ ಹೊತ್ತು ಆ ಅಕ್ಷರಗಳ ಮೇಲೆ ಬೆರಳಾಡಿಸಿದ.

ಮಳೆಗಾಲಕ್ಕೆ ಮುಂಚೆ ಸಮಾಧಿಗೆ ಹೆಸರಿನ ಕಲ್ಲು ಹಾಕಿಸಿದೆವು. ಕೆಳಗೆ ಆ ವಚನವನ್ನೇ ಕೆತ್ತಿಸಬೇಕೆಂದಿದ್ದೆವು, ಆದರೆ ಕಲ್ಲಿನ ಅಗಲ ಸಾಲದಾಯಿತು. ಕೊನೆಗೆ ಅಪ್ಪ ಅವ್ವನ ಹೆಸರುಗಳ ಕೆಳಗೆ “ಕರ್ತನು ಎದ್ದಿದ್ದಾನೆ” ಎಂಬ ಎರಡು ಪದ ಮಾತ್ರ ಕೆತ್ತಿಸಿದೆವು. ಕಲ್ಲಿನವನ ಬಿಲ್ಲನ್ನು ತಮ್ಮ ಎರಡು ಸಮಪಾಲು ಮಾಡಿ, ನನ್ನ ಪಾಲೆಷ್ಟೆಂದು ಬರೆದು ಕಳುಹಿಸಿದ. ಅದೇ ದಿನ ಕೊಟ್ಟೆ.